ಹೊಣೆ ನಿನ್ನದು, ಗೇಟು ನಮ್ಮದು

ಚೆನ್ನೈನ ಮರೀನಾ ದಂಡೆಯಲ್ಲಿ ಒಂದು ಶಿಲ್ಪವಿದೆ. ನಾಲ್ಕು ಜನ ಸೇರಿ ಬಂಡೆಯೊಂದನ್ನು ಮೀಟುತ್ತಿದ್ದಾರೆ. ದೇವಿಪ್ರಸಾದ್ ರಾಯ್ ಚೌಧುರಿಯವರ ಕೈಕೆಲಸ. 1959ರಲ್ಲಿ ನಿಲ್ಲಿಸಿದ್ದು. ಹೆಸರು ‘ಶ್ರಮದ ವಿಜಯ’.

ಇಷ್ಟು ವರ್ಷವಾದರೂ ಬಂಡೆ ಒಂದಂಗುಲ ಕದಲಿಲ್ಲ. ಕಾರಣ ಸ್ಪಷ್ಟ. ಅಲ್ಲಿ ಸೂಪರ್‌ವೈಸರ್ ಇಲ್ಲ.

ಇದ್ದಿದ್ದರೆ ಬಂಡೆ ಕದಲುತ್ತಿತ್ತೇ? ಇಲ್ಲ. ಆದರೆ ಯಾಕೆ ಕದಲಲಿಲ್ಲ ಎಂದು ಬರೆದುಕೊಡಲು ಒಬ್ಬ ಸಿಗುತ್ತಿದ್ದ. ಬಂಡೆಯ ನಾಲ್ಕೂ ಕಡೆಯ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಹೆಡ್ ಆಫೀಸಿನಿಂದ ಉಗಿಸಿಕೊಳ್ಳುತ್ತಿದ್ದ.

ಈ ದೇಶದಲ್ಲಿ ಆ ಹುದ್ದೆ ಇರುವುದೇ ಅದಕ್ಕೆ.

ಗೋದಾಮಿನ ಶಿಪ್ಪಿಂಗ್ ಸೂಪರ್‌ವೈಸರ್ ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಓದಿ ನೋಡಿ. ಪದವಿ ಇರಬೇಕು. ಐದು ವರ್ಷ ಅನುಭವ ಬೇಕು. ಎಕ್ಸೆಲ್ ಬರಬೇಕು, ಎಸ್‌ಎಪಿ ಬರಬೇಕು. ನಾಯಕತ್ವ ಇರಬೇಕು. ಒತ್ತಡದಲ್ಲೂ ನಗುನಗುತ್ತಾ ದುಡಿಯಬೇಕು. ಅಗತ್ಯ ಬಿದ್ದರೆ ಇಪ್ಪತ್ತೈದು ಕೆಜಿ ಎತ್ತಬೇಕು.

ಐಎಎಸ್‌ಗೂ ಇಷ್ಟು ಕೇಳುವುದಿಲ್ಲ. ಅಲ್ಲಿ ಯಾರೂ ಏನನ್ನೂ ಎತ್ತಬೇಕಾಗಿಲ್ಲ.

ಇಷ್ಟೆಲ್ಲ ಕೇಳಿ, ಸಂಬಳದ ಜಾಗದಲ್ಲಿ ‘ಅರ್ಹತೆಗೆ ತಕ್ಕಂತೆ’ ಎಂದು ಬರೆದಿರುತ್ತಾರೆ. ಅಷ್ಟು ಗಟ್ಟಿ ಮುಖ ಎಚ್‌ಆರ್‌ನವರಿಗೆ ಮಾತ್ರ ಇರಲು ಸಾಧ್ಯ.

ಸ್ಥಳ: ಚೆನ್ನೈ. ಮೈಲಾಪುರ ಅಂದುಕೊಂಡು ಹೊರಡಬೇಡಿ. ರೆಡ್ ಹಿಲ್ಸ್ ದಾಟಬೇಕು. ಇಲ್ಲವೇ ಮಣಲಿ, ಗುಮ್ಮಿಡಿಪೂಂಡಿ, ಶ್ರೀಪೆರಂಬುದೂರು, ಒರಗಡಂ. ಬಸ್ಸು ಇಳಿದ ಮೇಲೂ ಊರು ಬಂದಿರುವುದಿಲ್ಲ. ಅಲ್ಲಿಂದ ಯಾವುದೋ ಲಾರಿಗೆ ಕೈ ಅಡ್ಡ ಹಾಕಬೇಕು.

ನನಗೆ ಗೊತ್ತಿರುವ ಒಬ್ಬ ಹುಡುಗ ಅಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಾನೆ. ತಾಳವಾಡಿ ಕಡೆಯವನು. ಮನೆಮಾತು ಕನ್ನಡ, ರೇಷನ್ ಕಾರ್ಡು ತಮಿಳು. ಅವನಿಗೆ ಏನು ಬರುತ್ತದೆ ಎಂದು ನೋಡಬೇಕಾದರೆ ಜಾಹೀರಾತು ಮಡಚಿಟ್ಟು ಡಾಕ್ ಹತ್ತಿರ ನಿಲ್ಲಬೇಕು.

ಖಾಲಿ ಕಂಟೇನರ್ ಬಂದ ಕೂಡಲೇ ಅವನು ಒಳಗೆ ಹೋಗಿ ಹೊರಗಿನಿಂದ ಬಾಗಿಲು ಹಾಕಿಸಿಕೊಳ್ಳುತ್ತಾನೆ. ಕತ್ತಲಲ್ಲಿ ನಿಂತು ಚಾವಣಿ ನೋಡುತ್ತಾನೆ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ. ತೂತಿದ್ದರೆ ನೀರು. ನೀರು ಬಿದ್ದರೆ ಹ್ಯಾಂಬರ್ಗ್‌ನಲ್ಲಿ ಮಾಲು ರಿಜೆಕ್ಟ್. ಆಮೇಲೆ ಮೂಸುತ್ತಾನೆ. ಹಿಂದಿನ ಸಲ ಅದರಲ್ಲಿ ಮೀನಿನ ಪುಡಿ ಹೋಗಿತ್ತೋ ಕೆಮಿಕಲ್ ಹೋಗಿತ್ತೋ, ಮೂಗೇ ಹೇಳುತ್ತದೆ. ಎಸ್‌ಎಪಿಯಲ್ಲಿ ಮೂಗಿಗೆ ಕೋಡ್ ಇಲ್ಲ.

ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ ಇದೆಯೇ ನೋಡುತ್ತಾನೆ. ಅದಿಲ್ಲದಿದ್ದರೆ, ಮರ ಕಾಯಿಸಿ ಹುಳ ಸಾಯಿಸಿಲ್ಲ ಎಂದು ಆ ಕಡೆಯ ಬಂದರಿನವರು ಮಾಲು ಸಮೇತ ವಾಪಸ್ ಅಟ್ಟುತ್ತಾರೆ. ಭಾರದ ಪೆಟ್ಟಿಗೆ ಕೆಳಗೆ, ಹಗುರದ್ದು ಮೇಲೆ. ತೂಕ ಒಂದೇ ಮಗ್ಗುಲಿಗೆ ಬೀಳಬಾರದು. ಸಂದು ಬಿಟ್ಟಲ್ಲಿ ಗಾಳಿಚೀಲ ತುರುಕಬೇಕು. ಪೇರಿಸಿದ್ದನ್ನು ಒಮ್ಮೆ ನೋಡಿಯೇ, ಇದು ಎಷ್ಟನೇ ಹಂಪಿನಲ್ಲಿ ವಾಲುತ್ತದೆ ಎಂದು ಹೇಳುತ್ತಾನೆ. ಹೇಳಿದರೆ ವಾಲುತ್ತದೆ.

ತೂಕ ಬೇರೆ. 2016ರ ಜುಲೈ 1ರಿಂದ, ಪ್ರಮಾಣಿತ ತೂಕದ ಲೆಕ್ಕ ಕೊಡದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಅಂತಾರಾಷ್ಟ್ರೀಯ ನಿಯಮ. ವೇಬ್ರಿಡ್ಜ್ ಚೀಟಿ, ಸೀಲ್ ನಂಬರು, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಂದರಿನ ಗೇಟಿಗೆ ಫಾರಂ 13. ಒಂದರಲ್ಲಿ ಒಂದು ಅಂಕಿ ಆಚೀಚೆಯಾದರೆ ಎಲ್ಲವೂ ನಿಂತವು.

ಮೇ ತಿಂಗಳ ಚೆನ್ನೈ. ಕಬ್ಬಿಣದ ಪೆಟ್ಟಿಗೆ. ಬಾಗಿಲಿಗೆ ಸೀಲು ಬೀಳುವ ಹೊತ್ತಿಗೆ ಅವನ ಅಂಗಿ ಹಿಂಡಿದರೆ ಲೋಟ ತುಂಬುತ್ತದೆ. ಫೋಟೊ ಬೆಂಗಳೂರಿಗೆ ಹೋಗುತ್ತದೆ. ಎಸಿ ಕೋಣೆಯಿಂದ ಫೋನು ಬರುತ್ತದೆ.

“ಏನ್ರೀ ಇದು, ಮೇಲೆ ಅರ್ಧ ಅಡಿ ಜಾಗ ಕಾಣ್ತಿದೆ? ಇನ್ನೆರಡು ಕಾರ್ಟನ್ ಹಿಡಿಸ್ತಿರಲಿಲ್ವಾ?”

“ಸಾರ್, ತೂಕ ಮೀರುತ್ತೆ.”

“ನೀವು ಪಾಸಿಟಿವ್ ಆಗಿ ಯೋಚನೆ ಮಾಡೋದು ಯಾವಾಗ ಕಲೀತೀರಿ?”

ಪಾಸಿಟಿವ್ ಆಗಿ ಯೋಚನೆ ಮಾಡಿದರೆ ತೂಕ ಇಳಿಯುತ್ತದೆ. ಇದು ಎಂಬಿಎಯಲ್ಲಿ ಹೇಳಿಕೊಡುವ ಭೌತಶಾಸ್ತ್ರ.

ಸಂವಹನ ಕೌಶಲ ಚೆನ್ನಾಗಿರಬೇಕು ಎಂದೂ ಜಾಹೀರಾತಿನಲ್ಲಿ ಇರುತ್ತದೆ. ಅದೊಂದು ಮಾತ್ರ ನಿಜ. ಡ್ರೈವರ್ ಹತ್ತಿರ ತಮಿಳು. ಟ್ರಾನ್ಸ್‌ಪೋರ್ಟ್ ಮಾಲೀಕನ ಹತ್ತಿರ ತೆಲುಗು, ಆಂಧ್ರದ ಗಡಿ ಅಲ್ಲೇ ಪಕ್ಕ. ಮಾಲು ಹೊರುವವರ ಹತ್ತಿರ ಹಿಂದಿ. ಬಿಹಾರದವರ ಹಿಂದಿ ಬೇರೆ, ಒಡಿಶಾದವರ ಹಿಂದಿ ಬೇರೆ. ಕಸ್ಟಮ್ಸ್ ಏಜೆಂಟನ ಹತ್ತಿರ ಅರೆಬರೆ ಇಂಗ್ಲಿಷ್. ಹೆಡ್ ಆಫೀಸಿನ ಹತ್ತಿರ ಕನ್ನಡ, ಅದೂ ಬೈಗುಳಕ್ಕೆ ಮಾತ್ರ. ಹೊಗಳಿಕೆ ಇದ್ದರೆ ಇಂಗ್ಲಿಷಿನಲ್ಲಿ ಮೇಲ್ ಬರುತ್ತದೆ. ಅವನ ಮ್ಯಾನೇಜರನಿಗೆ.

1968ರಿಂದ ದ್ವಿಭಾಷಾ ಸೂತ್ರ ಹಿಡಿದು ಕೂತ ರಾಜ್ಯ ಅದು. ಅದಕ್ಕೆ ಅವರಿಗೆ ಅವರದೇ ಕಾರಣಗಳಿವೆ. ಅದರಲ್ಲಿ ಕೆಲವು ನಮ್ಮವೂ ಹೌದು. ಆದರೆ ಗೋದಾಮಿನ ಶಟರ್ ಎತ್ತಿದರೆ ಕೇಳುವುದು ‘ಉಠಾವ್’, ‘ರಖೋ’, ‘ಧೀರೇ ಧೀರೇ’. ಉತ್ತರದವರು ಬಂದು ನಮ್ಮ ಹುಡುಗರ ಕೆಲಸ ಕಿತ್ತುಕೊಂಡರು ಎಂದು ಟೀ ಅಂಗಡಿಯಲ್ಲಿ ಗೊಣಗುವವರಿಗೆ ಕೊರತೆಯಿಲ್ಲ. 2023ರ ಮಾರ್ಚ್‌ನಲ್ಲಿ, ತಮಿಳುನಾಡಿನಲ್ಲಿ ಬಿಹಾರಿಗಳ ಮೇಲೆ ಹಲ್ಲೆ ಎಂಬ ನಕಲಿ ವಿಡಿಯೊಗಳು ಹರಿದಾಡಿದವು. ಕಾರ್ಮಿಕರು ಗಂಟುಮೂಟೆ ಕಟ್ಟಿದರು. ಆಗ ನೋಡಬೇಕಿತ್ತು. ಮುಖ್ಯಮಂತ್ರಿಯೇ ಖುದ್ದಾಗಿ ಹೋಗಿ ಧೈರ್ಯ ಹೇಳಿದರು. ಉದ್ಯಮಿಗಳು ಕೈ ಮುಗಿಯುವುದೊಂದು ಬಾಕಿ.

ಬೆಂಗಳೂರಿನವರು ನಗುವ ಅಗತ್ಯವಿಲ್ಲ. ನೆಲಮಂಗಲದ ಗೋದಾಮುಗಳಲ್ಲಿ ‘ಎತ್ರೋ’ ಅಂದರೆ ಎಷ್ಟು ಜನ ಎತ್ತುತ್ತಾರೆ, ಒಮ್ಮೆ ಹೋಗಿ ಕೂಗಿ ನೋಡಿ.

ಸರಿ, ಮಾಲು ತುಂಬಿತು. ಸೀಲು ಬಿತ್ತು. ಇನ್ನು ಬಂದರು. ಇಲ್ಲಿಂದ ಮುಂದೆ ಸೂಪರ್‌ವೈಸರ್ ಕೈಯಲ್ಲಿ ಏನೂ ಇಲ್ಲ. ಹೊಣೆ ಮಾತ್ರ ಅವನದೇ.

ಜಪಾನಿನ ಟೊಯೋಟಾದಲ್ಲಿ ಒಂದು ಒಳ್ಳೆಯ ಪದ್ಧತಿ ಹುಟ್ಟಿತು. ಏನಾದರೂ ಕೆಟ್ಟರೆ ಐದು ಸಲ ‘ಯಾಕೆ’ ಎಂದು ಕೇಳು, ಬೇರು ಸಿಗುತ್ತದೆ. ಅಲ್ಲಿ ಬೇರು ಸಿಕ್ಕರೆ ಕೀಳುತ್ತಾರೆ. ನಮ್ಮಲ್ಲಿ ಬೇರು ಸಿಕ್ಕರೆ ಫಾರಂ ತಿದ್ದುತ್ತಾರೆ. ಈಗ ಪ್ರತಿ ಗೋದಾಮಿನಲ್ಲೂ ಈ ಐದು ಯಾಕೆಗಳ ಫಾರಂ ಇದೆ. ತುಂಬುವವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಕಂಟೇನರ್ ಯಾಕೆ ಹಡಗು ತಪ್ಪಿಸಿಕೊಂಡಿತು? ಕಟ್‌ಆಫ್ ಹೊತ್ತಿಗೆ ಬಂದರಿನ ಒಳಗೆ ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ಎಣ್ಣೂರು ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಟ್ರೈಲರುಗಳ ಸಾಲು. ತಿರುವೊಟ್ರಿಯೂರು, ಕಾಸಿಮೇಡು ದಾಟಿ ಬಂದರಿನ ಝೀರೋ ಗೇಟ್ ತನಕ. “ಸಾರ್, ವಂಡಿ ನಗರವೇ ಇಲ್ಲೆ” ಎಂದು ಡ್ರೈವರ್ ರಾತ್ರಿ ಒಂದಕ್ಕೆ ಫೋನು ಮಾಡುತ್ತಾನೆ. ಗಾಡಿ ಅಲುಗಾಡಿಲ್ಲ. ಮೂರಕ್ಕೆ ಮತ್ತೆ ಮಾಡುತ್ತಾನೆ. ಅದೇ ಮಾತು. ಊಟವಿಲ್ಲ, ಶೌಚಾಲಯವಿಲ್ಲ, ಸೀಟು ಬಿಟ್ಟು ಇಳಿಯುವ ಹಾಗಿಲ್ಲ. ಮುಂದಿನ ಗಾಡಿ ಒಂದಡಿ ಸರಿದರೂ ಹಿಂದಿನವನು ಹಾರ್ನ್ ಒತ್ತುತ್ತಾನೆ.

ಯಾಕೆ ಸಾಲು? ಬಂದರಿಗೆಂದೇ ಬೇಕಿದ್ದ ಮೇಲ್ಸೇತುವೆ ಆಗಲಿಲ್ಲ.

ಯಾಕೆ ಆಗಲಿಲ್ಲ? ಇಲ್ಲಿ ಫಾರಂನ ಜಾಗ ಸಾಲುವುದಿಲ್ಲ. 2009ರ ಜನವರಿಯಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದರಿನಿಂದ ಮಧುರವಾಯಲ್‌ವರೆಗಿನ ಎತ್ತರದ ರಸ್ತೆಗೆ ಶಂಕುಸ್ಥಾಪನೆ ಮಾಡಿದರು. ಕಂಬಗಳು ಎದ್ದವು. 2012ರಲ್ಲಿ ಜಯಲಲಿತಾ ಸರ್ಕಾರ, ಕಂಬಗಳಿಂದ ಕೂವಂ ನದಿಯ ಹರಿವಿಗೆ ಅಡ್ಡಿ ಎಂದು ಕೆಲಸ ನಿಲ್ಲಿಸಿತು.

ಕೂವಂ ನದಿಯ ಹರಿವು! ಆ ನದಿಯ ದಂಡೆಯಲ್ಲಿ ಮೂಗು ಬಿಟ್ಟು ನಿಂತವರಿಗೆ ಇದರ ರುಚಿ ಗೊತ್ತಾದೀತು. ಊರಿನ ಕೊಳಚೆಯೆಲ್ಲ ಅದಕ್ಕೆ ಬೀಳುವಾಗ ಯಾರಿಗೂ ಅಡ್ಡಿ ಕಾಣಲಿಲ್ಲ. ಕಂಬ ಕಂಡಿತು. ಡಿಎಂಕೆ ಕಾಲದಲ್ಲಿ ಶುರುವಾದ ಕಂಬ, ಅದೂ ಕಾರಣವಿರಬಹುದು ಎಂದು ಹೇಳುವವರು ಕೆಟ್ಟವರು.

ಹತ್ತು ವರ್ಷ ಆ ಕಂಬಗಳು ನದಿಯಲ್ಲಿ ಬೆತ್ತಲೆ ನಿಂತಿದ್ದವು. 2022ರ ಮೇ 26ರಂದು ಪ್ರಧಾನಿ ಮೋದಿ ಬಂದು ಅದೇ ದಾರಿಗೆ ಮತ್ತೆ ಶಂಕುಸ್ಥಾಪನೆ ಮಾಡಿದರು. ಈ ಸಲ ಎರಡು ಅಂತಸ್ತು. ಸುಮಾರು 5,800 ಕೋಟಿ ರೂಪಾಯಿ. ಅದೇ ದಿನ, ಅದೇ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೂ ಕಲ್ಲು ಬಿತ್ತು. ಮಪ್ಪೇಡುವಿನ ಲಾಜಿಸ್ಟಿಕ್ಸ್ ಪಾರ್ಕಿಗೂ ಬಿತ್ತು. ಹೆದ್ದಾರಿಗೆ ಚಾವಣಿಯ ಕೆಳಗೆ ಕಲ್ಲು ಹಾಕುವುದರಲ್ಲಿ ಒಂದು ಅನುಕೂಲವಿದೆ. ಹೊರಗೆ ಟ್ರಾಫಿಕ್ ಕಾಣುವುದಿಲ್ಲ.

ಐದನೇ ಯಾಕೆ ಖಾಲಿ. ಅದನ್ನು ತುಂಬಲು ಸೂಪರ್‌ವೈಸರ್ ಚುನಾವಣೆಗೆ ನಿಲ್ಲಬೇಕು.

ಫಾರಂ ವಾಪಸ್ ಬರುತ್ತದೆ. “ಇವೆಲ್ಲ ನಿಮ್ಮ ಕಂಟ್ರೋಲ್‌ನಲ್ಲಿ ಇಲ್ಲದ ವಿಷಯ. ಇರೋದನ್ನ ಬರೀರಿ.” ಹುಡುಗ ಬರೆಯುತ್ತಾನೆ: ಇನ್ನು ಮುಂದೆ ಬೇಗ ಹೊರಡುತ್ತೇವೆ. ಕೂಡಲೇ ಮಂಜೂರು. ಹಸಿರು ಟಿಕ್ಕು.

ಬೇಗ ಹೊರಡುತ್ತಾರೆ. ಬೇಗ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಮುಂದಿನ ತಿಂಗಳು ಟ್ರೈಲರಿನ ಹಾಲ್ಟಿಂಗ್ ಬಿಲ್ಲು ಏರುತ್ತದೆ. ಅದಕ್ಕೆ ಹೊಸ ಫಾರಂ.

ಬೆಂಗಳೂರಿನಿಂದ ಬರುವ ಮಾಲಿನ ಕತೆ ಇನ್ನೊಂದು. ದೇಶದ ಮೊದಲ ಒಣ ಬಂದರು 1981ರಲ್ಲಿ ಬೆಂಗಳೂರಿನಲ್ಲೇ ಆಯಿತು ಎಂದು ನಾವು ಬೀಗುತ್ತೇವೆ. ಬಂದರು ಒಣಗಿದ್ದೇ ಸರಿ, ಅಲ್ಲಿಂದ ಸಮುದ್ರಕ್ಕೆ ಹೋಗುವ ರಸ್ತೆ ಹಾಗೇ ಉಳಿಯಿತು. 2020ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟೇ ಬೇಸತ್ತು, ಮಧುರವಾಯಲ್–ವಾಲಾಜಾಪೇಟೆ ನಡುವೆ ಟೋಲ್ ಅರ್ಧ ಮಾತ್ರ ತೆಗೆದುಕೊಳ್ಳಿ ಎಂದು ಆದೇಶಿಸಿತು. ಅರ್ಧ ರಸ್ತೆಗೆ ಅರ್ಧ ದುಡ್ಡು. ನ್ಯಾಯಾಂಗದ ಇತಿಹಾಸದಲ್ಲಿ ಇದಕ್ಕಿಂತ ನೇರವಾದ ಗಣಿತ ಇಲ್ಲ. ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಪಾಲು, ಹೊಸಕೋಟೆಯಿಂದ ಬೇತಮಂಗಲದವರೆಗೆ ಸುಮಾರು 70 ಕಿ.ಮೀ., 2024ರ ಕೊನೆಗೆ ಓಡಾಟಕ್ಕೆ ಸಿಕ್ಕಿತು. ಲಾರಿ ಅಲ್ಲಿ ಹಾರಿಕೊಂಡು ಹೋಗಿ, ಮುಂದೆ ಹಳೆಯ ರಸ್ತೆಗೆ ಇಳಿದು, ಉಳಿಸಿದ ಹೊತ್ತನ್ನೆಲ್ಲ ಬಡ್ಡಿ ಸಮೇತ ತೀರಿಸುವ ಏರ್ಪಾಡು.

ಹೊತ್ತು ಅಂದಾಗ ಇ–ವೇ ಬಿಲ್ ನೆನಪಾಯಿತು. 50,000 ರೂಪಾಯಿ ಮೀರಿದ ಮಾಲಿಗೆ ಅದು ಕಡ್ಡಾಯ. ರಾಜ್ಯದ ಒಳಗಿನ ಸಾಗಾಟಕ್ಕೂ ಇದನ್ನು ಮೊದಲು ಜಾರಿಗೆ ತಂದ ಹೆಮ್ಮೆ ಕರ್ನಾಟಕದ್ದು, 2018ರ ಏಪ್ರಿಲ್ 1ರಂದು. ದಿನಾಂಕವನ್ನು ಯಾರು ಆರಿಸಿದರೋ. 2021ರಿಂದ ಲೆಕ್ಕ ಹೀಗೆ: 200 ಕಿ.ಮೀ.ಗೆ ಒಂದು ದಿನ. ಅಷ್ಟರೊಳಗೆ ಮಾಲು ತಲುಪಬೇಕು. ರಸ್ತೆ ಸರ್ಕಾರದ್ದು. ಗುಂಡಿ ಸರ್ಕಾರದ್ದು. ಮಂತ್ರಿ ಹೋಗುವಾಗ ಸಿಗ್ನಲ್ ನಿಲ್ಲಿಸುವುದು ಸರ್ಕಾರ. ತಡವಾದರೆ ದಂಡ ಹಾಕುವುದೂ ಅದೇ ಸರ್ಕಾರ.

ಉತ್ಪ್ರೇಕ್ಷೆ ಅನ್ನಿಸಿದರೆ ಹೈದರಾಬಾದಿನ ಪ್ರಕರಣ ನೋಡಿ. 2020ರ ಜನವರಿ. ಕಾಗದದ ಮಾಲು ಹೊತ್ತ ಗಾಡಿ ಪ್ರತಿಭಟನೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಇ–ವೇ ಬಿಲ್ ಅವಧಿ ಮುಗಿಯಿತು. ಅಧಿಕಾರಿಗಳು ಗಾಡಿ ಹಿಡಿದು ತೆರಿಗೆ, ದಂಡ ಎರಡೂ ವಸೂಲಿ ಮಾಡಿದರು. ಹಿಡಿದ ಮಾಲನ್ನು ಇಟ್ಟದ್ದೆಲ್ಲಿ? ಅಧಿಕಾರಿಯ ನೆಂಟರ ಮನೆಯಲ್ಲಿ. ಗೋದಾಮು ಸಿಗಲಿಲ್ಲವೇನೋ ಪಾಪ. 2022ರಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿ, ಹೈಕೋರ್ಟ್ ವಿಧಿಸಿದ್ದ 10,000ದ ಮೇಲೆ ಇನ್ನೂ 59,000 ರೂಪಾಯಿ ವೆಚ್ಚ ಸೇರಿಸಿ ಕಟ್ಟಿಸಿತು.

ಎಲ್ಲ ಸೂಪರ್‌ವೈಸರೂ ಸುಪ್ರೀಂ ಕೋರ್ಟಿಗೆ ಹೋಗಲು ಆಗುವುದಿಲ್ಲ. ಅವನು ವೋಚರ್ ಬರೆಯುತ್ತಾನೆ. ‘ಟೀ ಖರ್ಚು’ ಅಂತ. ನಮ್ಮ ಹೆದ್ದಾರಿಗಳಲ್ಲಿ ಕುಡಿಯುವ ಟೀ ನೋಡಿದರೆ ಅಸ್ಸಾಮಿನವರಿಗೆ ಹೊಟ್ಟೆಕಿಚ್ಚು ಬಂದೀತು.

ಕಂಪನಿಗೆ ಇದು ಗೊತ್ತಿಲ್ಲವೇ? ಗೊತ್ತು. ಪ್ರತಿ ವರ್ಷ ಲಂಚ ನಿಗ್ರಹದ ಆನ್‌ಲೈನ್ ತರಬೇತಿ ಇದೆ. ಇಪ್ಪತ್ತು ಪ್ರಶ್ನೆ, ಕೊನೆಗೆ ಸರ್ಟಿಫಿಕೇಟು. ಹುಡುಗನಿಗೆ ನೂರಕ್ಕೆ ನೂರು. ಸರ್ಟಿಫಿಕೇಟು ಪ್ರಿಂಟ್ ಆಗುತ್ತಿರುವಾಗಲೇ ಫೈನಾನ್ಸಿನಿಂದ ಫೋನು. “ಗಾಡಿ ಯಾಕೆ ನಿಂತಿದೆ? ಏನಾದ್ರೂ ಕೊಟ್ಟು ಬಿಡಿಸ್ಕೊಳ್ಳೋಕೆ ಬರಲ್ವೇನಪ್ಪಾ ನಿಂಗೆ?” ಮಾತಿನಲ್ಲಿ ಹೇಳುತ್ತಾರೆ. ಮೇಲ್ ಮಾಡುವುದಿಲ್ಲ. ಅವರಿಗೂ ತರಬೇತಿಯಲ್ಲಿ ನೂರಕ್ಕೆ ನೂರು.

ಸುರಕ್ಷತೆ ಸೂಪರ್‌ವೈಸರನ ಇನ್ನೊಂದು ಹೊಣೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಆವತ್ತು ಪ್ರಮಾಣ ವಚನ. ಬಣ್ಣ ಬಳಿಯುವವನು ಬಂದು ನೆಲದ ಹಳದಿ ಗೆರೆಗಳನ್ನು ಮತ್ತೆ ಎಳೆಯುತ್ತಾನೆ. ಗೆರೆಯ ಮೇಲಿದ್ದ ಪೆಟ್ಟಿಗೆ ಸರಿಸಲು ಜಾಗವಿಲ್ಲದಿದ್ದರೆ ಪೆಟ್ಟಿಗೆಯ ಸುತ್ತ ಗೆರೆ ಎಳೆಯುತ್ತಾನೆ. ಫೋರ್ಕ್‌ಲಿಫ್ಟ್ ಓಡಿಸುವವನು ಹೆಲ್ಮೆಟ್ ಹಾಕಿಲ್ಲ ಎಂದು ಮೆಮೊ.

ಮೆಮೊ ಯಾರಿಗೂ ಹೋಗದ ಒಂದು ಕತೆ ಹೇಳುತ್ತೇನೆ. 2015ರಲ್ಲಿ ಕಸ್ಟಮ್ಸ್ ಇಲಾಖೆ ಅಮೋನಿಯಂ ನೈಟ್ರೇಟ್ ತುಂಬಿದ 37 ಕಂಟೇನರ್‌ಗಳನ್ನು ಜಪ್ತಿ ಮಾಡಿತು. ಸುಮಾರು 700 ಟನ್. ಮಣಲಿಯ ಒಂದು ಕಂಟೇನರ್ ಸ್ಟೇಷನ್‌ನಲ್ಲಿ ಇಟ್ಟಿತು. ಇಟ್ಟದ್ದು ಇಟ್ಟಲ್ಲೇ ಇತ್ತು. ಒಂದಷ್ಟು 2015ರ ನೆರೆಯಲ್ಲಿ ಹಾಳಾಯಿತು. ಉಳಿದದ್ದು ಐದು ವರ್ಷ ನಿಶ್ಚಿಂತೆಯಿಂದ ಕೂತಿತ್ತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ 12ನೇ ನಂಬರಿನ ಗೋದಾಮು ಸಿಡಿಯಿತು. ಅಲ್ಲಿದ್ದದ್ದು ಅದೇ ವಸ್ತು, 2,750 ಟನ್. 200ಕ್ಕೂ ಹೆಚ್ಚು ಜನ ಸತ್ತರು. ಆಗ ಚೆನ್ನೈಗೆ ನೆನಪಾಯಿತು. ನಮ್ಮ ಹತ್ತಿರವೂ ಒಂದಿಷ್ಟು ಇತ್ತಲ್ಲ?

ಭಯ ಬೇಡ, ಸುತ್ತ 2 ಕಿ.ಮೀ. ಜನವಸತಿ ಇಲ್ಲ ಎಂದಿತು ಕಸ್ಟಮ್ಸ್. ಮಾಲಿನ್ಯ ನಿಯಂತ್ರಣ ಮಂಡಳಿ ಹೋಗಿ ನೋಡಿದರೆ 700 ಮೀಟರಿನಲ್ಲೇ ಮನೆಗಳು. ಸಾವಿರಾರು ಜನ. ಮೂರು ನಾಲ್ಕು ದಿನಗಳಲ್ಲಿ ಹರಾಜಿನ ಮಾಲು ಹೈದರಾಬಾದಿನತ್ತ ಹೊರಟೇಬಿಟ್ಟಿತು. ಐದು ವರ್ಷದಲ್ಲಿ ಆಗದ ಡಿಸ್ಪ್ಯಾಚ್. ಬೇರೊಂದು ದೇಶದ ಬಂದರು ಸಿಡಿಯಬೇಕಾಯಿತು, ಅಷ್ಟೆ.

ಇದಕ್ಕೆ ಐದು ಯಾಕೆಗಳ ಫಾರಂ ಯಾರು ತುಂಬಿದರು? ಹುಡುಗನ ಗೋದಾಮಿನಲ್ಲಿ ಒಂದು ಬೆಂಕಿ ನಂದಿಸುವ ಸಿಲಿಂಡರಿನ ಅವಧಿ ಮೀರಿದರೆ ಅವನ ಇನ್‌ಕ್ರಿಮೆಂಟ್ ಹೋಗುತ್ತದೆ.

ಇನ್ನು ದುಡಿಮೆಯ ಹೊತ್ತು. ಭಾರತದಲ್ಲಿ ಮೊದಲ ಮೇ ದಿನ ನಡೆದದ್ದು ಇದೇ ಮದ್ರಾಸಿನಲ್ಲಿ, 1923ರಲ್ಲಿ, ಸಿಂಗಾರವೇಲು ಚೆಟ್ಟಿಯಾರ್ ಮುಂದಾಳತ್ವದಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಏಪ್ರಿಲ್ 21ರಂದು, ಅದೇ ಊರಿನ ವಿಧಾನಸಭೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡುವ ಮಸೂದೆ ಪಾಸು ಮಾಡಿತು. ಶತಮಾನೋತ್ಸವದ ಉಡುಗೊರೆ. ಮಿತ್ರಪಕ್ಷಗಳೇ ಕೂಗೆಬ್ಬಿಸಿದವು. ಮೇ 1ರಂದು ಮುಖ್ಯಮಂತ್ರಿ ಸ್ಟಾಲಿನ್, ವಾಪಸ್ ಪಡೆದೆವು ಎಂದು ಘೋಷಿಸಿ ಚಪ್ಪಾಳೆ ಗಿಟ್ಟಿಸಿದರು. ತಾವೇ ಹಾಕಿದ ಬೇಲಿ ತಾವೇ ಕಿತ್ತದ್ದಕ್ಕೆ ಚಪ್ಪಾಳೆ.

ಅಲ್ಲಿ ಗಲಾಟೆಯಾದರೂ ಆಯಿತು. ನಮ್ಮ ವಿಧಾನಸೌಧ ಅದಕ್ಕೂ ಎರಡು ತಿಂಗಳು ಮೊದಲೇ, ಫೆಬ್ರವರಿಯಲ್ಲಿ, ಅಂಥದೇ ಮಸೂದೆ ಪಾಸು ಮಾಡಿತ್ತು. ನಿಮಗೆ ನೆನಪಿದೆಯೇ? ಇಲ್ಲ ತಾನೇ. ವಾರ್ತೆಯಲ್ಲಿ ಆವತ್ತು ಬೇರೇನೋ ಇತ್ತು.

ಮಾಲು ಇಳಿಸುವವರ ಕಡೆಯೂ ನೋಡಿ. 2024ರ ಮೇ, ಹರಿಯಾಣದ ಮಾನೇಸರಿನ ಅಮೆಜಾನ್ ಗೋದಾಮು. 24 ಅಡಿಯ ಆರು ಟ್ರಕ್ ಖಾಲಿಯಾಗುವ ತನಕ ನೀರು ಕುಡಿಯಲು, ಶೌಚಕ್ಕೆ ಹೋಗುವುದಿಲ್ಲ ಎಂದು ಕಾರ್ಮಿಕರಿಂದ ಪ್ರಮಾಣ ಮಾಡಿಸಿದ ಸುದ್ದಿ ಹೊರಬಿತ್ತು. ಉತ್ತರ ಭಾರತದ ಸುಡು ಬೇಸಿಗೆ. ಮಾನವ ಹಕ್ಕುಗಳ ಆಯೋಗ ನೋಟಿಸು ಕೊಟ್ಟಿತು. ಕಂಪನಿ ತನಿಖೆ ಮಾಡಿ, ಇದೊಂದು ಬಿಡಿ ಘಟನೆ ಎಂದಿತು. ಆರು ಟ್ರಕ್ಕಿನ ಲೆಕ್ಕ ಆಕಾಶದಿಂದ ಉದುರಿತ್ತು ಅಂತ ಕಾಣುತ್ತದೆ.

ನಮ್ಮ ಸೂಪರ್‌ವೈಸರ್ ಇದರಲ್ಲಿ ಯಾವ ಕಡೆ? ಯಾವ ಕಡೆಯೂ ಅಲ್ಲ. ಕಾನೂನಿನಲ್ಲೇ ಹಾಗಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮೇಲ್ವಿಚಾರಣೆ ಮಾಡುವವನ ಸಂಬಳ ತಿಂಗಳಿಗೆ 1,600 ರೂಪಾಯಿ ಮೀರಿದರೆ ಅವನು ಕಾರ್ಮಿಕನಲ್ಲ. 2010ರಲ್ಲಿ ಅದನ್ನು 10,000 ಮಾಡಿದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 18,000. ಅದರ ಮೇಲೆ ಒಂದು ರೂಪಾಯಿ ಬಂದರೂ ಅವನು ಸಾಹುಕಾರರ ಪೈಕಿ. ಮುಷ್ಕರ ಮಾಡುವವರು ಅವನನ್ನು ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಮ್ಯಾನೇಜ್‌ಮೆಂಟಿನವರ ಕ್ಯಾಂಟೀನಿಗೆ ಅವನ ಕಾರ್ಡು ಕೆಲಸ ಮಾಡುವುದಿಲ್ಲ.

ಕೆಲಸದಿಂದ ತೆಗೆದರೆ ಲೇಬರ್ ಕೋರ್ಟಿನಲ್ಲಿ ಮೊದಲು ಸಾಬೀತು ಮಾಡಬೇಕಾದದ್ದು ಏನು ಗೊತ್ತೇ? ತಾನು ಹೆಸರಿಗೆ ಮಾತ್ರ ಸೂಪರ್‌ವೈಸರ್, ನಿಜದಲ್ಲಿ ಯಾವ ಅಧಿಕಾರವೂ ಇರಲಿಲ್ಲ ಅಂತ. ಸಾಕ್ಷಿಗೇನೂ ಕೊರತೆಯಾಗದು.

ಈ ನಡುವೆ ದೇಶ ಮುಂದೆ ಹೋಗಿದೆ. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂತು. ಸಾಗಾಟದ ಖರ್ಚು ಜಿಡಿಪಿಯ ಶೇ 13–14ರಷ್ಟಿದೆ, ಅದನ್ನು ಒಂದಂಕಿಗೆ ಇಳಿಸುತ್ತೇವೆ ಎಂದರು. ವರ್ಷಗಟ್ಟಲೆ ಎಲ್ಲ ಭಾಷಣಗಳಲ್ಲೂ ಅದೇ ಅಂಕಿ. ಆಮೇಲೆ ಸರಿಯಾಗಿ ಲೆಕ್ಕ ಹಾಕಿಸಿದರು. 2025ರ ಸೆಪ್ಟೆಂಬರಿನಲ್ಲಿ ವರದಿ ಬಂತು: 2023–24ರಲ್ಲಿ ಖರ್ಚು ಶೇ 7.97. ಗುರಿ ಮುಟ್ಟಿಯಾಗಿತ್ತು. ಒಂದು ಲಾರಿಯೂ ಬೇಗ ಓಡಬೇಕಾಗಲಿಲ್ಲ. ಇಷ್ಟು ವರ್ಷ ಆ 14ನ್ನು ಎಲ್ಲಿಂದ ತಂದಿರಿ ಎಂದು ಕೇಳುವುದು ಅಸಭ್ಯತೆ.

ಇದೇ ಹುಡುಗ ಸ್ಟಾಕ್ ರಿಜಿಸ್ಟರಿನಲ್ಲಿ 14 ಪೆಟ್ಟಿಗೆ ಬರೆದು, ಆಮೇಲೆ ಎಣಿಸಿದರೆ 8 ಇದೆ ಎಂದಿದ್ದರೆ ಪೊಲೀಸ್ ಕಂಪ್ಲೇಂಟ್ ಆಗುತ್ತಿತ್ತು.

ಒಂದು ಒಳ್ಳೆಯ ಸುದ್ದಿಯೂ ಇದೆ. 2021ರಲ್ಲಿ ತಮಿಳುನಾಡು, ಅಂಗಡಿ–ಸಂಸ್ಥೆಗಳಲ್ಲಿ ದುಡಿಯುವವರಿಗೆ ಕೂರಲು ಆಸನ ಒದಗಿಸಬೇಕು ಎಂದು ಕಾಯ್ದೆ ತಿದ್ದಿತು. ದಿನವಿಡೀ ನಿಲ್ಲಿಸಿ ದುಡಿಸುವುದು ಬೇಡ ಎಂದು. ಕೇರಳ ಬಿಟ್ಟರೆ ಈ ಬುದ್ಧಿ ಮೊದಲು ಬಂದದ್ದು ಅಲ್ಲಿಗೇ. ಹುಡುಗನ ಗೋದಾಮಿನಲ್ಲಿ ಕಾಯ್ದೆಯ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದರು. ಡಾಕ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯೂ ಬಂತು. ನೀಲಿ ಬಣ್ಣದ್ದು.

ಮುಂದಿನ ತಿಂಗಳು ಆಡಿಟರ್ ಬಂದರು. ಬಿಸಿಲಿಗೆ ಸುಸ್ತಾಗಿದ್ದರು. ಆ ಕುರ್ಚಿಯ ಮೇಲೆಯೇ ಕೂತು, ಎಳನೀರು ಕುಡಿದು, ವರದಿ ಬರೆದರು.

‘ಡಾಕ್ ಜಾಗದಲ್ಲಿ ಕುರ್ಚಿ ಇಡಲಾಗಿದೆ. ಎಡವಿ ಬೀಳುವ ಅಪಾಯ. ತೆರವುಗೊಳಿಸುವುದು. ಹೊಣೆ: ಶಿಪ್ಪಿಂಗ್ ಸೂಪರ್‌ವೈಸರ್. ಗಡುವು: ಇಂದು ಸಂಜೆ.’